ಬುಟ್ಟಿಯಲ್ಲಿ ಹೊತ್ತ ದಿಬ್ಬ

ದಿಬ್ಬದ ಮಾದರಿಗೆ ಹದಿನಾಲ್ಕು ಮೆಟ್ಟಿಲುಗಳಿದ್ದವು. ತುದಿಯಲ್ಲಿ ಹೆಬ್ಬೆರಳ ಉಗುರಿನಷ್ಟು ಎತ್ತರದ ಪ್ಲಾಸ್ಟಿಕ್ ಮನುಷ್ಯನೊಬ್ಬ ಕೈ ಮೇಲೆತ್ತಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದ.

ನಾನಾಗ ಸಿಂಗಪುರದ ರಾಫೆಲ್ಸ್ ಪ್ಲೇಸ್‌ನ ಒಂದು ಚಿಕ್ಕ ಕಚೇರಿಯಲ್ಲಿದ್ದೆ. ಬೇರೆ ದೇಶಗಳ ವಸ್ತುಸಂಗ್ರಹಾಲಯಗಳಿಗೆ ಪ್ರದರ್ಶನ ರೂಪಿಸಿಕೊಡುವುದು ಅಲ್ಲಿನ ಕಸುಬು. ಇತಿಹಾಸದಲ್ಲಿ ಎಂ.ಎ. ಮಾಡಿದವಳೆಂದು ಫಲಕಗಳ ಬರವಣಿಗೆ ನನ್ನ ಪಾಲಿಗೆ ಬಂದಿತ್ತು. ಆ ವರ್ಷದ ಕೆಲಸ ಅಮೆರಿಕದ ಒಂದು ಬೆಟ್ಟದ ಕಣಿವೆಯದು. ಅಲ್ಲಿ ಮೊದಲು ಬಾಳಿದವರು ಚೆರೊಕೀ ಜನ. ಸೈನಿಕರು ಅವರನ್ನು ಮನೆಗಳಿಂದ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಿದರು. ಅವರ ಹೊಲಗಳನ್ನು ಸರ್ಕಾರ ಅದಕ್ಕೂ ಮೊದಲೇ ಲಾಟರಿ ಎತ್ತಿ ಬಿಳಿಯ ವಲಸಿಗರಿಗೆ ಹಂಚಿತ್ತು. ಆ ವಲಸಿಗರ ವಂಶದವರೇ ಈಗ ಕಣಿವೆಯ ಪರಂಪರೆ ಸಮಿತಿ, ನಮಗೆ ಕೆಲಸ ಕೊಟ್ಟವರು. ತಮ್ಮ ಹಿರಿಯರ ಬಗ್ಗೆ ಅವರು ಕಳಿಸಿದ ಪ್ರತಿ ಪುಟದಲ್ಲೂ ‘ಧೈರ್ಯ’ ಎಂಬ ಮಾತಿತ್ತು. ಚೀಟಿ ಎತ್ತಲು ಎಷ್ಟು ಧೈರ್ಯ ಬೇಕೋ ನನಗೆ ತಿಳಿಯದು. ಹಿಟ್ಟಿನ ಗಿರಣಿ, ಕೌದಿಗಳು, ಚರ್ಚಿನ ಗಂಟೆ ಇವುಗಳಿಗೆ ಎರಡು ಕೋಣೆ ಕೇಳಿದ್ದರು. ಚೆರೊಕೀಗಳನ್ನು ಅಟ್ಟಿದ ವಿಷಯಕ್ಕೆ ಶೌಚಾಲಯದತ್ತ ತಿರುಗುವ ಮೂಲೆಯಲ್ಲಿ ಒಂದು ಫಲಕ.

ಕಣಿವೆಯ ನಡುವೆ ಚೆರೊಕೀಗಳ ಹಳೆಯ ಮಣ್ಣಿನ ದಿಬ್ಬವಿದೆ. ಅದರಂಥದ್ದೇ ಒಂದನ್ನು ಪ್ರದರ್ಶನದ ಹಜಾರದಲ್ಲಿ ಕಟ್ಟಿ ಜನರನ್ನು ಹತ್ತಿಸುವುದು ನಮ್ಮ ಯಜಮಾನರ ಯೋಚನೆ. ಅವರು ಬೆಂಗಳೂರಿನವರು, ಸಿಂಗಪುರದಲ್ಲಿ ಇಪ್ಪತ್ತು ವರ್ಷದಿಂದ ಇದ್ದವರು. ನನ್ನೊಡನೆ ಕನ್ನಡ ಮಾತಾಡುತ್ತಿದ್ದರು. ಅದನ್ನೊಂದು ಉಪಕಾರವೆಂದೇ ತಿಳಿದಿದ್ದರು.

ಚೆರೊಕೀಗಳ ಕಡೆಯಿಂದ ಕರಡು ನೋಡಲು ಒಪ್ಪಿದ್ದವರು ಬುಟ್ಟಿ ಹೆಣೆಯುವ ಒಬ್ಬ ವಯಸ್ಸಾದ ಹೆಂಗಸು. ವಿಡಿಯೋ ಕರೆಯಲ್ಲಿ ಆಕೆ ಮಾದರಿಯನ್ನು ಬಹಳ ಹೊತ್ತು ನೋಡಿದರು. ಕಣಿವೆಯ ದಿಬ್ಬದ ಮಣ್ಣು ತಮ್ಮ ಹಿರಿಯರು ಬುಟ್ಟಿ ಬುಟ್ಟಿಯಾಗಿ ಹೊತ್ತು ತಂದು ಸುರಿದದ್ದು, ಒಳಗೆ ಸತ್ತವರಿದ್ದಾರೆ, ಅಣಕು ದಿಬ್ಬವಾದರೂ ಅದರ ಮೇಲೆ ಯಾರನ್ನೂ ನಿಲ್ಲಿಸಬೇಡಿ ಎಂದರು. ಒಂದೇ ಸಲ ಹೇಳಿದರು. ಯಜಮಾನರು ಎದೆಯ ಮೇಲೆ ಕೈಯಿಟ್ಟು ವಂದಿಸಿದರು.

ಪರದೆ ಆರಿದ ಮೇಲೆ ನನ್ನತ್ತ ತಿರುಗಿದರು. ಮುಖ ಅರಳಿತ್ತು.

“ಬುಟ್ಟಿ ಕೇಳಿದ್ಯಾ? ಸೂಪರ್ ಐಡಿಯಾ. ಮಕ್ಕಳ ಕೈಗೆ ಒಂದೊಂದು ಬ್ಯಾಸ್ಕೆಟ್ ಕೊಡೋಣ, ಫೋಮ್ ಮಣ್ಣು ಹೊತ್ಕೊಂಡು ಮೇಲೆ ಹತ್ಲಿ.”

ಮಧ್ಯಾಹ್ನದೊಳಗೆ ಹೊಸ ನಕ್ಷೆ ಸಿದ್ಧವಾಯಿತು. ಅದನ್ನು ಆಕೆಗೆ ಕಳಿಸಲಿಲ್ಲ. ಒಂದು ಸುತ್ತು ಅಭಿಪ್ರಾಯ ಕೇಳಿಯಾಗಿದೆ, ಒಪ್ಪಂದದಲ್ಲಿರುವುದು ಅಷ್ಟೇ ಎಂದರು ಯಜಮಾನರು. ಹೆಬ್ಬಾಗಿಲ ಫಲಕದಲ್ಲಿ, ಈ ಪ್ರದರ್ಶನವನ್ನು ಚೆರೊಕೀ ಸಮುದಾಯದ ಮಾರ್ಗದರ್ಶನದಲ್ಲಿ ರೂಪಿಸಲಾಗಿದೆ ಎಂಬ ವಾಕ್ಯ, ಅದರ ಕೆಳಗೆ ಸಂಶೋಧಕಿಯೆಂದು ನನ್ನ ಹೆಸರು. ಆ ವಾಕ್ಯ ಬರೆದವಳು ನಾನೇ. ನಾಲ್ಕು ನಿಮಿಷ ಹಿಡಿಯಿತು. ಸಮಿತಿಯವರನ್ನು ಹೀಗಳೆಯುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಫಲಕಗಳು ಮುದ್ರಣಕ್ಕೆ ಹೋಗುವ ಹಿಂದಿನ ಸಂಜೆ ಯಜಮಾನರು ಸೆಂಗ್‌ಕಾಂಗ್‌ನ ತಮ್ಮ ಕಾಂಡೋ ಫ್ಲ್ಯಾಟಿಗೆ ಊಟಕ್ಕೆ ಕರೆದರು. ಅವರ ಹೆಂಡತಿ ಬಿಸಿಬೇಳೆಬಾತ್ ಮಾಡಿದ್ದರು. ನಾನು ದಿಬ್ಬದ ಮಾತೆತ್ತಿದೆ.

“ನಾವೂ ಕೋಟೆ ಹತ್ತಲ್ವಾ? ಏನಾಗತ್ತೆ?” ಎಂದರು ಆಕೆ.

“ಅದು ಸಮಾಧಿ, ಆಂಟಿ. ನಿಮ್ಮ ಅಜ್ಜನ ಸಮಾಧಿ ಮೇಲೆ ಯಾರಾದ್ರೂ ಹತ್ತಿದ್ರೆ?”

“ನಮ್ಮಲ್ಲಿ ಸುಡ್ತೀವಲ್ಲಮ್ಮಾ, ಆ ಪ್ರಾಬ್ಲಮ್ಮೇ ಇಲ್ಲ.” ಇನ್ನೊಂದು ಸೌಟು ಬಡಿಸಿದರು.

ಯಜಮಾನರು ನಕ್ಕರು. “ನಿನಗ್ಯಾಕೆ ಇಷ್ಟೊಂದು? ನೀನೇನು ಚೆರೊಕೀನಾ?”

“ಅಲ್ಲ ಸರ್. ಅದಕ್ಕೇ ಅವರನ್ನ ಕೇಳಿದ್ವಿ. ಅವರು ಬೇಡ ಅಂದ್ರು.”

“ಬೇಡ ಅನ್ಲಿಲ್ಲಮ್ಮಾ, ಇನ್‌ಪುಟ್ ಕೊಟ್ರು. ನಿನ್ನ ವರ್ಕ್ ಪಾಸ್ ರಿನ್ಯೂವಲ್ ಬೇರೆ ಬರ್ತಾ ಇದೆ. ಸುಮ್ನೆ ಊಟ ಮಾಡು.”

ಊಟ ಮಾಡಿದೆ. ಹಪ್ಪಳವನ್ನೂ ಬಿಡಲಿಲ್ಲ. ದಾರಿಗೆಂದು ಡಬ್ಬಿಯಲ್ಲಿ ಬಾತು ತುಂಬಿಕೊಟ್ಟರು, ಥ್ಯಾಂಕ್ಸ್ ಹೇಳಿದೆ. ನನ್ನ ಬಾಡಿಗೆ ಕೋಣೆಯಿದ್ದ ಬುಕಿತ್ ಬಾಟೋಕ್‌ವರೆಗೆ ರೈಲಿನಲ್ಲಿ ಆ ಡಬ್ಬಿ ನನ್ನ ತೊಡೆಯ ಮೇಲೆ ಬೆಚ್ಚಗಿತ್ತು. ‘ಇನ್‌ಪುಟ್’ ಎಂಬ ಮಾತನ್ನು ಅವರು ನಿಜವಾಗಿಯೂ ನಂಬಿದ್ದರು. ಸುಳ್ಳು ಹೇಳುತ್ತಿದ್ದರೆ ನನಗೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಏಳೂವರೆಗೆ ಕಚೇರಿಗೆ ಹೋದೆ. ಯಾರೂ ಬಂದಿರಲಿಲ್ಲ. ಬುಟ್ಟಿ ಹೆಣೆಯುವ ಆಕೆಗೆ ಹೊಸ ನಕ್ಷೆಯನ್ನೂ ಹೆಬ್ಬಾಗಿಲ ಫಲಕವನ್ನೂ ಕಳಿಸಿದೆ. ಫಲಕದ ವಾಕ್ಯ ನಿಜವಲ್ಲ, ಅದನ್ನು ನಾನು ಬರೆದೆ, ಮುದ್ರಣ ಇವತ್ತು ಸಂಜೆ ಎಂದು ಮೂರು ಸಾಲು ಬರೆದು, ಪ್ರತಿಯನ್ನು ಸಮಿತಿಗೂ ಯಜಮಾನರಿಗೂ ಹಾಕಿದೆ. ಆಮೇಲೆ ಫಲಕದ ಫೈಲ್ ತೆರೆದು ಆ ವಾಕ್ಯವನ್ನೂ ನನ್ನ ಹೆಸರನ್ನೂ ಅಳಿಸಿ, ಸೇವ್ ಮಾಡಿದೆ.