ಫ್ಲಾಪಿ ಡ್ರೈವಿನ ಬಾಯಲ್ಲಿ ಅಕ್ಷತೆ

ಇವಳಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ತವರಿನಲ್ಲೂ ಆಡಿಕೊಳ್ಳುತ್ತಿದ್ದರು, ಗಂಡನ ಮನೆಯಲ್ಲೂ ಆಡಿಕೊಂಡರು. ನಾನು ಅದನ್ನು ಹೊಗಳಿಕೆಯೆಂದೇ ತಿಳಿದಿದ್ದೆ, ಆ ಲ್ಯಾಪ್‌ಟಾಪ್ ಮನೆಗೆ ಬರುವ ತನಕ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಇಂದಿರಾನಗರದ ಸಣ್ಣ ಆಫೀಸೊಂದರಲ್ಲಿ ಪ್ರೋಗ್ರಾಂ ಬರೆಯುವ ಕೆಲಸ ನನ್ನದು. ಅಲ್ಲಿ ಮೂಲೆ ಸೇರಿದ್ದ ಹಳೆಯ ಲ್ಯಾಪ್‌ಟಾಪೊಂದನ್ನು ಕೇಳಿಕೊಂಡು ಬೈಯಪ್ಪನಹಳ್ಳಿಯ ಮನೆಗೆ ತಂದೆ. ಅದಕ್ಕೆ ಸಿ.ಡಿ. ಡ್ರೈವ್ ಇರಲಿಲ್ಲ. ಪಕ್ಕದಲ್ಲಿ ಫ್ಲಾಪಿ ತೂರಿಸುವ ಒಂದು ಸೀಳು, ಅಷ್ಟೇ. ವೈರಸ್ ಹತ್ತಿ ವಿಂಡೋಸ್ ನರಳುತ್ತಿತ್ತು. ಅದನ್ನು ಅಳಿಸಿ, ಅದರ ಜಾಗಕ್ಕೆ ಬಿಟ್ಟಿ ಸಿಗುವ ಲಿನಕ್ಸ್ ಹಾಕಿಯೇ ತೀರುತ್ತೇನೆಂದು ಹಟ ಹಿಡಿದೆ. ಹಾರ್ಡ್ ಡಿಸ್ಕ್ ಬಿಚ್ಚಿ ಆಫೀಸಿನ ಕಂಪ್ಯೂಟರಿಗೆ ಜೋಡಿಸಿ, ಲಿನಕ್ಸ್ ಸಿ.ಡಿ.ಗಳಲ್ಲಿದ್ದುದನ್ನೆಲ್ಲ ಅದಕ್ಕೆ ತುಂಬಿಕೊಂಡು ಬಂದೆ. ಇನ್ನು ಫ್ಲಾಪಿಯೊಂದರಿಂದ ಯಂತ್ರವನ್ನು ಎಬ್ಬಿಸಿಬಿಟ್ಟರೆ ಮಿಕ್ಕದ್ದು ಒಳಗಿನಿಂದಲೇ ನಡೆಯುತ್ತದೆ. ಆ ಫ್ಲಾಪಿಯನ್ನೂ ನಾನೇ ಮಾಡಿಕೊಂಡೆ, ಮೇಜಿನ ಖಾನೆಯಲ್ಲಿ ಬಿದ್ದಿದ್ದ ಯಾವುದೋ ಹಳೆಯದರಲ್ಲಿ.

ಅದೇ ವಾರ ಆಯುಧ ಪೂಜೆ ಬಂತು. ಮನೆಯ ಹೊಲಗಳೆಲ್ಲ ಬಾಡಿಗೆ ರೂಮುಗಳಾಗಿ ವರ್ಷಗಳೇ ಕಳೆದಿದ್ದರೂ ಅತ್ತೆ ಕುಡುಗೋಲು, ಗುದ್ದಲಿಗಳನ್ನು ತೊಳೆದಿಟ್ಟು ಪೂಜೆ ಮಾಡುವುದನ್ನು ಬಿಟ್ಟಿರಲಿಲ್ಲ. ಆ ಸಾಲಿನಲ್ಲಿ ಮಿಕ್ಸಿಯ ಪಕ್ಕಕ್ಕೆ ನನ್ನ ಲ್ಯಾಪ್‌ಟಾಪನ್ನೂ ಕೂರಿಸಿ, ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, ಧಾರಾಳವಾಗಿ ಅಕ್ಷತೆ ಹಾಕಿದರು.

ಭಾನುವಾರ ಫ್ಲಾಪಿ ತೂರಿಸಿದೆ. ಕರಕರ ಎಂದು ಸದ್ದು ಮಾಡಿ, ಓದಲಾಗುತ್ತಿಲ್ಲ ಎಂದು ಯಂತ್ರ ನಿಂತುಬಿಟ್ಟಿತು. ಹತ್ತು ಸಲ ಪ್ರಯತ್ನಿಸಿದೆ, ಹತ್ತು ಸಲವೂ ಅದೇ. ಟಾರ್ಚ್ ಬಿಟ್ಟು ನೋಡಿದರೆ ಸೀಳಿನ ಮೂಲೆಯಲ್ಲಿ ಅರಿಸಿನ ಹಚ್ಚಿದ ಒಂದು ಅಕ್ಕಿ ಕಾಳು.

“ಅತ್ತೆ, ನಿಮ್ ಪೂಜೆನೆಲ್ಲ ನಿಮ್ ಕುಡುಗೋಲಿಗೇ ಇಟ್ಕೊಳ್ಳಿ! ಗೊತ್ತಿಲ್ದೇ ಇರೋ ವಸ್ತು ಯಾಕ್ ಮುಟ್ತೀರಾ? ಕೆಟ್ಟೋಯ್ತು, ನೋಡಿ!”

“ಒಳ್ಳೇದಾಗ್ಲಿ ಅಂತ ಹಾಕ್ದೆ ಕಣಮ್ಮ,” ಎಂದಷ್ಟೇ ಹೇಳಿ ಅವರು ಎದ್ದು ಹೋದರು. ಅಂದಿನಿಂದ ಲ್ಯಾಪ್‌ಟಾಪ್ ಇದ್ದ ನಮ್ಮ ರೂಮಿಗೆ ಕಾಲಿಡಲಿಲ್ಲ. ಒಣಗಿದ ಬಟ್ಟೆಯನ್ನೂ ಹೊಸ್ತಿಲಾಚೆಯಿಂದಲೇ ಚಾಚಿ ಕೊಡುತ್ತಿದ್ದರು. ಆಗ ನನಗೆ ಅದು ನೆಮ್ಮದಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಮುಂದಿನ ಶನಿವಾರ ಲ್ಯಾಪ್‌ಟಾಪನ್ನು ಶಿವಾಜಿನಗರಕ್ಕೆ ಹೊತ್ತೊಯ್ದೆ. ರಿಪೇರಿ ಅಂಗಡಿಯ ಯಜಮಾನರು ಚಿಮುಟದಿಂದ ಕಾಳನ್ನು ತೆಗೆದು, ತಮ್ಮದೇ ಫ್ಲಾಪಿಯೊಂದನ್ನು ಹಾಕಿ ನೋಡಿದರು. ಸಲೀಸಾಗಿ ಓದಿತು. ಆಮೇಲೆ ನನ್ನ ಫ್ಲಾಪಿಯನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿದರು. ಅದೇ ಕರಕರ ಸದ್ದು.

“ಡ್ರೈವ್ ಫಸ್ಟ್ ಕ್ಲಾಸ್ ಐತೆ ಮೇಡಂ. ಅಕ್ಕಿ ಬಾಗ್ಲಲ್ಲೇ ಕೂತಿತ್ತು, ಒಳಗ್ ಹೋಗೇ ಇಲ್ಲ. ನಿಮ್ ಫ್ಲಾಪಿನೇ ಖರಾಬ್.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹೊಸ ಫ್ಲಾಪಿ ಕೊಂಡು ಬಸ್ಸು ಹತ್ತಿದೆ. ಮನೆ ತಲುಪಿದ ಕೂಡಲೇ ಅತ್ತೆಗೆ ಹೇಳಿಬಿಡಬೇಕೆಂದು ಹಲಸೂರು ಬರುವವರೆಗೂ ಅಂದುಕೊಂಡೆ. ಅಲ್ಲಿಂದ ಮುಂದೆ ಬೇರೆ ಯೋಚನೆ ಶುರುವಾಯಿತು: ಲಿನಕ್ಸ್ ಹಾಕಿ ಮುಗಿಸಿ, ಖುಷಿಯಲ್ಲಿದ್ದಾಗ ನಗುತ್ತಾ ಹೇಳಿದರೆ ಮಾತು ಹಗುರವಾಗುತ್ತದಲ್ಲ? ಅದು ಬರೀ ನೆಪ. ಸೊಸೆ ಸೋತಳೆಂದು ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಹೊಸ ಫ್ಲಾಪಿಯನ್ನು ಆಫೀಸಿನಲ್ಲಿ ಸಿದ್ಧಮಾಡಿ ತಂದು ಹಾಕಿದೆ, ಯಂತ್ರ ಎದ್ದಿತು. ಆದರೂ ಕೆಲಸ ಬೇಗ ಮುಗಿಯಲಿಲ್ಲ. ಚಿಕ್ಕ ಡಿಸ್ಕಿನ ಅರ್ಧವನ್ನು ಸಿ.ಡಿ.ಗಳ ಸರಕೇ ನುಂಗಿತ್ತು. ದಿನವೂ ಸಂಜೆ ಆಫೀಸಿನಿಂದ ಬಂದವಳು ಕೂರುತ್ತಿದ್ದೆ, ಜಾಗ ಸಾಲದೆಂದು ಅದು ನಿಲ್ಲುತ್ತಿತ್ತು, ಇದು ಬೇಡ ಅದು ಬೇಡ ಎಂದು ಪ್ರೋಗ್ರಾಂಗಳ ಪಟ್ಟಿಯಿಂದ ಕಿತ್ತು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಶಿವಾಜಿನಗರಕ್ಕೆ ಹೋಗಿಬಂದ ಒಂಬತ್ತನೆಯ ದಿನ, ಸೋಮವಾರ, ಕೊನೆಗೂ ಕಪ್ಪು ಪರದೆಯ ಮೇಲೆ ನನ್ನ ಹೆಸರು ಕೇಳುವ ಸಾಲು ಮೂಡಿತು. ಕೂಗಿ ಗಂಡನನ್ನು ಕರೆದೆ.

“ಸದ್ಯ! ಮೊದ್ಲು ಅಮ್ಮಂಗೆ ಹೇಳು ಹೋಗು,” ಎಂದ. “ನಿನ್ ಮಿಷನ್ ಸರಿಹೋಗೋ ತನಕ ಒಪ್ಪೊತ್ತೇ ಊಟ ಮಾಡೋದು ಅಂತ ದೇವ್ರಿಗೆ ಹರಕೆ ಹೊತ್ಕೊಂಡವ್ಳೆ.”

ಒಂದೇ ಮನೆಯಲ್ಲಿದ್ದುಕೊಂಡು, ಅತ್ತೆ ರಾತ್ರಿ ಉಣ್ಣುತ್ತಿಲ್ಲ ಎಂಬುದನ್ನು ನಾನು ಗಮನಿಸಿಯೇ ಇರಲಿಲ್ಲ.

ಅವರು ಪಡಸಾಲೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಎದುರಿಗೆ ಕೂತೆ.

“ಅತ್ತೆ, ಸರಿಹೋಯ್ತು. ಅದು ಅಕ್ಷತೆಯಿಂದ ಕೆಟ್ಟಿದ್ದಲ್ಲ. ನಾನ್ ಮಾಡ್ಕೊಂಡ್ ಬಂದಿದ್ದ ಫ್ಲಾಪಿನೇ ಹಾಳಾಗಿತ್ತು.”

“ಹಂಗಾದ್ರೆ ನನ್ನಿಂದಲ್ವಾ?”

“ಅಲ್ಲ ಅತ್ತೆ.”

“ನಿಜವಾಗ್ಲೂ ನನ್ನಿಂದಲ್ವಾ?” ಎಂದು ಇನ್ನೊಮ್ಮೆ ಕೇಳಿದರು. ನಾನು ಅಲ್ಲವೆಂದು ತಲೆಯಾಡಿಸಿದೆ. ದೇವರ ಗೂಡಿನ ಕಡೆ ತಿರುಗಿ ಕೈಮುಗಿದರು. ಮುಖ ಅರಳಿತ್ತು. ಮತ್ತೆ ಸೊಪ್ಪಿಗೆ ಕೈ ಹಾಕಿದವರು ಏನೋ ಹೊಳೆದಂತೆ ನಿಲ್ಲಿಸಿದರು.

“ಯಾವತ್ತು ಗೊತ್ತಾಯ್ತು ನಿಂಗೆ?”

ಇವತ್ತೇ ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಒಂಬತ್ತ್ ದಿನ ಆಯ್ತು ಅತ್ತೆ.”

ಅವರು ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. “ಒಂಬತ್ತ್ ದಿನ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಮತ್ತೆ ಸೊಪ್ಪು ಬಿಡಿಸತೊಡಗಿದರು.