ಗೋದಾಮಿನ ಶಾಲೆಯ ಕಾಂಚನಾಬಾಯಿ

ಮದುವೆಯಾಗಿ ಇಚಲಕರಂಜಿಗೆ ಬಂದ ಹೊಸತರಲ್ಲಿ ಕಾಂಚನ ಒಂದು ಮಧ್ಯಾಹ್ನ ಗಂಡನಿಗೆ ಬುತ್ತಿ ಕೊಡಲು ಮಗ್ಗದ ಕಾರಖಾನೆಗೆ ಹೋದಳು. ಗಂಡ ಧರಣೇಂದ್ರ ಅಲ್ಲಿ ಕಾರಕೂನನಾಗಿದ್ದ. ಒಳಗೆ ಕಾಲಿಟ್ಟಾಗ ಎಂಜಿನ್ನಿನ ಸದ್ದಿಗೆ ಅವಳ ಕಿವಿ ಗುಂಯ್‌ಗುಟ್ಟಿತು. ಗೋಡೆಯ ಪಕ್ಕ ಹೆಂಗಸರು ಸಾಲಾಗಿ ಕುಳಿತು ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಅವರ ಬೆನ್ನ ಹಿಂದೆ ಕಂಬಗಳಿಗೆ ಪುಟ್ಟ ಮಕ್ಕಳನ್ನು ಕಟ್ಟಿದ್ದರು. ಹಳೆಯ ಸೀರೆಯ ಅಂಚು ಮಕ್ಕಳ ಸೊಂಟದಿಂದ ಕಂಬಕ್ಕೆ ಬಿಗಿದಿತ್ತು. ಕೆಲವು ಮಲಗಿದ್ದವು. ನಾಲ್ಕೈದು ವರ್ಷದ ಒಂದು ಹುಡುಗಿ ಮಾತ್ರ ಅಂಚು ಎಷ್ಟು ದೂರ ಬಿಡುತ್ತದೋ ಅಷ್ಟು ದೂರ ಬಂದು, ಎರಡೂ ಕೈ ಮುಂದೆ ಚಾಚಿ ನಿಂತಿತ್ತು.

"ಯಾಕವ್ವಾ, ಕೂಸಿಗೆ ಹಿಂಗ ಕಟ್ಟೀರಿ?" ಎಂದು ಕಾಂಚನ ಅದರ ತಾಯಿಯನ್ನು ಕೇಳಿದಳು.

ತಾಯಿಯ ಹೆಸರು ರಾಯವ್ವ. ಅವಳು ರಾಟೆ ನಿಲ್ಲಿಸಲಿಲ್ಲ. "ಬಿಟ್ರ ಎಂಜಿನ್ನಿನ ಪಟ್ಟಾದಾಗ ಕೈ ಹಾಕತೈತ್ರಿ ಬಾಯಾರ. ಹ್ವಾದ ವರ್ಷ ಒಂದು ಹುಡುಗಂದು ಬೆರಳ ಹೋತು. ಮನ್ಯಾಗ ಬಿಟ್ಟು ಬರಾಕ ಯಾರದಾರ?"

ಕಾಂಚನ ಗಡಹಿಂಗ್ಲಜದ ಹತ್ತಿರದ ಹಳ್ಳಿಯವಳು. ಅವಳ ತಂದೆ ಜಿನಗೊಂಡ ಹಿರಣ್ಯಕೇಶಿಯ ದಂಡೆಯಲ್ಲಿ ಮೆಣಸಿನಕಾಯಿ ಬೆಳೆಯುತ್ತಿದ್ದ. ಮಗಳಿಗೆ ಓದಿನ ಆಸೆ ಇದೆಯೆಂದು ಗೊತ್ತಾದಾಗ ಅವಳನ್ನು ಕೊಲ್ಹಾಪುರದಲ್ಲಿದ್ದ ತನ್ನ ತಂಗಿಯ ಮನೆಯಲ್ಲಿ ಇಟ್ಟ. ಅಲ್ಲಿ ಕಾಂಚನ ಮರಾಠಿ ಏಳನೆಯ ಇಯತ್ತೆ ಮುಗಿಸಿದಳು. ಆಮೇಲೆ ಅದೇ ಓಣಿಯ ಬಾಲಮಂದಿರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಬಡಿಗೆ ಇಲ್ಲದೆ, ಬಾಯಿಪಾಠ ಇಲ್ಲದೆ, ಮಣ್ಣು, ನೀರು, ಬೀಜ, ಹಾಡುಗಳಿಂದಲೇ ಚಿಕ್ಕ ಮಕ್ಕಳು ಎಷ್ಟೆಲ್ಲ ಕಲಿಯುತ್ತಾರೆ ಎಂಬುದನ್ನು ಅವಳು ಅಲ್ಲಿ ಕಣ್ಣಾರೆ ಕಂಡಿದ್ದಳು.

ಕಾರಖಾನೆಯಿಂದ ಮನೆಗೆ ಬಂದವಳಿಗೆ ಆ ದಿನ ಊಟ ಸೇರಲಿಲ್ಲ. ಅತ್ತೆ ಸೋನಾಬಾಯಿ ಕಾರಣ ಕೇಳಿದಳು. ಕಾಂಚನ ಹೇಳಿದಳು. ಸೋನಾಬಾಯಿ ಅಕ್ಕಿ ಆರಿಸುತ್ತಲೇ, "ಕಾರಖಾನಿ ಹಿಂದಿನ ಗೋದಾಮ ಖಾಲಿನ ಬಿದ್ದೈತಲ್ಲ. ಮಾಲಕರನ್ನ ಕೇಳಿ ನೋಡು. ಕೇಳಿದ್ರ ಹೊಡ್ಯಾಂಗಿಲ್ಲ" ಎಂದಳು.

ಮಾಲೀಕರು ಕಾಕಾಸಾಹೇಬರು. ಮುಂಗೋಪಿ, ಆದರೆ ಲೆಕ್ಕ ಬಲ್ಲ ಮನುಷ್ಯ. ಗೋದಾಮಿನಲ್ಲಿ ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ, ಆ ಚಿಂತೆ ಇಲ್ಲದಿದ್ದರೆ ಹೆಂಗಸರ ಕೈ ಚುರುಕಾಗುತ್ತದೆ ಎಂಬ ಕಾಂಚನಳ ಮಾತು ಅವರಿಗೆ ಕೂಡಲೇ ಹಿಡಿಸಿತು. "ತಗೋರಿ ವೈನಿ, ನಡಸ್ರಿ. ಆದ್ರ ನನಗ ಜಾಗಾ ಬೇಕಾದ ದಿನಾ ಬಿಟ್ಟುಕೊಡಬೇಕು" ಎಂದರು.

ಹೀಗೆ ೧೯೪೧ರ ಜೂನ್ ತಿಂಗಳಲ್ಲಿ ಗೋದಾಮಿನ ಶಾಲೆ ಶುರುವಾಯಿತು. ಮೊದಲ ದಿನಗಳನ್ನು ನೆನೆದರೆ ಸೋನಾಬಾಯಿ ಮುಂದೆಯೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಒಂದು ಮಗು ಅತ್ತರೆ ಎಲ್ಲವೂ ಅಳುತ್ತಿದ್ದವು. ಕಂಬಕ್ಕೆ ಕಟ್ಟಿಸಿಕೊಂಡು ರೂಢಿಯಾದ ಮಕ್ಕಳು ಬಿಟ್ಟರೂ ಕಂಬದ ಬುಡ ಬಿಟ್ಟು ಕದಲುತ್ತಿರಲಿಲ್ಲ. ಕೈ ಚಾಚಿ ನಿಂತಿದ್ದ ರಾಯವ್ವನ ಮಗಳು ಹಣಮವ್ವ ಮಾತ್ರ ಗೋದಾಮಿನ ಮೂಲೆಮೂಲೆಗೂ ಓಡಾಡಿ, ಮರಳಿನ ರಾಶಿಯ ಮೇಲೆ ಹತ್ತಿ ಕುಳಿತು, ಇಡೀ ಜಾಗ ತನ್ನದೆನ್ನುವಂತೆ ಸುತ್ತ ನೋಡಿದಳು. ಎಲ್ಲರೂ ಅವಳನ್ನು ಹಣಮಿ ಎಂದೇ ಕರೆಯುತ್ತಿದ್ದರು. ಕಲಿಸುವ ಕಾಂಚನ ಮಕ್ಕಳಿಗೆಲ್ಲ ಬಾಯಿ ಆದಳು, ಕಾಂಚನಾಬಾಯಿ.

ದಸರೆಯ ಹೊತ್ತಿಗೆ ಮಕ್ಕಳು ಅಳುವುದನ್ನು ಮರೆತರು. ತಂಬಿಗೆಯಿಂದ ತಂಬಿಗೆಗೆ ನೀರು ಸುರಿದರು, ಚೆಲ್ಲಿದರು, ಒರೆಸಿದರು, ಮತ್ತೆ ಸುರಿದರು. ಹುಣಸೆಬೀಜ, ಅವರೆಬೀಜ, ಶೇಂಗಾ ಬೆರೆಸಿಟ್ಟರೆ ಕಣ್ಣು ಮುಚ್ಚಿ ಬೆರಳಿನಿಂದಲೇ ಬೇರೆ ಮಾಡಿದರು. ಮರಳಿನಲ್ಲಿ ತಮ್ಮ ತಮ್ಮ ಹೆಸರಿನ ಮೊದಲ ಅಕ್ಷರ ಬರೆದರು. ಮನೆಯಲ್ಲಿ ಕನ್ನಡ, ಮುಂದೆ ಸೇರಬೇಕಾದ ಶಾಲೆಯಲ್ಲಿ ಮರಾಠಿ. ಅದಕ್ಕೇ ಕಾಂಚನ ಪ್ರತಿ ವಸ್ತುವಿಗೂ ಎರಡು ಹೆಸರು ಹೇಳುವ ಆಟ ಕಟ್ಟಿದ್ದಳು. ಸೋನಾಬಾಯಿ ದಿನವೂ ಮಧ್ಯಾಹ್ನ ಬಂದು ಒಂದು ಕಥೆ ಹೇಳಿ ಹೋಗುತ್ತಿದ್ದಳು. ಕಥೆಯ ನರಿ ಒಂದು ದಿನ ಕನ್ನಡ ಮಾತಾಡಿದರೆ ಇನ್ನೊಂದು ದಿನ ಮರಾಠಿ ಮಾತಾಡುತ್ತಿತ್ತು.

ಮಗ್ಗದ ಆಟ ಹುಟ್ಟಿದ್ದು ಶಾಲೆಯ ಮೊದಲ ವರ್ಷದ ಕೊನೆಗೆ, ಯುಗಾದಿಯ ಆಸುಪಾಸಿನಲ್ಲಿ. ಅದನ್ನು ಕಾಂಚನ ಕಲಿಸಿರಲಿಲ್ಲ. ಕಿಟಕಿಯ ಸರಳುಗಳಿಗೆ ಕಟ್ಟಿದ್ದ ಹಗ್ಗಗಳ ತುದಿ ಹಿಡಿದು ಮಕ್ಕಳು ಜೋಲಿ ಹೊಡೆಯುತ್ತಿದ್ದರು. ಕೆಲವರು ಕುಳಿತರು, ಕೆಲವರು ನಿಂತರು. ಮೇಲಿನ ಹಗ್ಗಕ್ಕೂ ಕೆಳಗಿನ ಹಗ್ಗಕ್ಕೂ ನಡುವೆ, ಮಗ್ಗದ ನೂಲುಗಳ ನಡುವೆ ಆಗುವಂತೆ, ಸಂದಿ ತೆರೆಯಿತು. ಹಣಮಿ ಅದನ್ನು ನೋಡಿ ಗಕ್ಕನೆ ನಿಂತಳು. "ಏ, ಮಗ್ಗಾ ಆತು! ಲಾಳಿ ಓಡಸೂನ!" ಎಂದು ಕೂಗಿದಳು. ಒಬ್ಬ ಹುಡುಗ ಹರಕು ಬಟ್ಟೆಯ ಉದ್ದನೆಯ ಪಟ್ಟಿ ಹಿಡಿದು, ನೂಲೆಳೆಯುತ್ತ ಓಡುವ ಲಾಳಿಯಂತೆ ಆ ಸಂದಿಯಲ್ಲಿ ತೆವಳಿ ಆಚೆ ಹೋದ. ಕುಳಿತವರು ನಿಂತರು, ನಿಂತವರು ಕುಳಿತರು. ಹುಡುಗ ಈಚೆ ಬಂದ.

ಯಾರು ಯಾವಾಗ ಏಳಬೇಕೆಂಬುದೇ ಮೊದಲು ದೊಡ್ಡ ಜಗಳವಾಯಿತು. ಕಾಂಚನ ಒಬ್ಬರ ಕೈಗೆ ಕೆಂಪು, ಪಕ್ಕದವರ ಕೈಗೆ ಬಿಳಿ ಚಿಂದಿ ಕಟ್ಟುತ್ತ ಹೋದಳು. ಅಷ್ಟೇ ಅವಳ ಪಾಲು. ಹಣಮಿ ಎದುರು ನಿಂತು "ಕೆಂಪು ಕುಂದರ್ರಿ! ಬಿಳಿ ನಿಂದರ್ರಿ!" ಎಂದು ಕೂಗುತ್ತಿದ್ದಳು. ಇಬ್ಬರು ಒಂದು ಹಲಗೆಯಿಂದ ಪಟ್ಟಿಗಳನ್ನು ಒತ್ತಿ ಕೂಡಿಸುತ್ತಿದ್ದರು. ನಾಲ್ಕೈದು ದಿನಗಳಲ್ಲಿ ನಿಜವಾಗಿಯೂ ಒಂದು ಜಮಖಾನೆಯ ಅಂಚು ಕಾಣಿಸಿಕೊಂಡಿತು. ಮಕ್ಕಳು ಅದರ ಮೇಲೆ ಕೆನ್ನೆ ಇಟ್ಟು ನೋಡಿದರು.

ಅಷ್ಟರಲ್ಲಿ ಕಾಕಾಸಾಹೇಬರು ಒಂದು ಮುಂಜಾನೆ ಗೋದಾಮಿನ ಬಾಗಿಲಿಗೆ ಬಂದರು. ಒಳಗೆ ನೀರು, ಮರಳು, ಗದ್ದಲ. "ವೈನಿ, ಅಕ್ಷಯ ತದಿಗಿ ಆದ ಮ್ಯಾಲ ಇಲ್ಲಿ ಹೊಸಾ ಮಗ್ಗಾ ಕುಂದ್ರಸೂದೈತಿ. ಲಡಾಯಿ ನಡದೈತಿ, ಬಟ್ಟಿಗೆ ಭಾಳ ಕೇಳಿಕಿ ಐತಿ. ಇಲ್ಲಿ ಬರೇ ಆಟಾನ ಕಾಣತೈತಿ ನನಗ" ಎಂದರು.

ಕಾಂಚನ ತಡವರಿಸಲಿಲ್ಲ. "ಒಂದು ದಿನಾ ಬಂದು ಕುಂತು ನೋಡ್ರಿ ಕಾಕಾಸಾಹೇಬ್ರ. ತಾಯಿ-ತಂದಿಗಳೂ ಬರ್ಲಿ. ಒಂದು ತಾಸು ಎಂಜಿನ್ ನಿಲ್ಲಸ್ರಿ. ಆಮ್ಯಾಲ ನೀವು ಹೇಳಿದ್ಹಂಗ."

ಎಂಜಿನ್ ನಿಲ್ಲಿಸುವ ಮಾತಿಗೆ ಅವರ ಹುಬ್ಬು ಏರಿತು. ಆದರೂ ಒಪ್ಪಿಕೊಂಡರು.

ಮನೆಯಲ್ಲಿ ಸೋನಾಬಾಯಿ, "ಎರಡು ಮರಾಠಿ ಕವಿತಾ ಬಾಯಿಪಾಠ ಮಾಡಸು. ಸಾಲಾಗಿ ನಿಂದ್ರಸಿ ನಮಸ್ಕಾರ ಮಾಡಸು. ಗಂಡಸರಿಗೆ ಅದ ತಿಳೀತೈತಿ" ಎಂದಳು.

"ಒಂದು ದಿನದ ಸಲುವಾಗಿ ಅವರನ್ನ ಗಿಳಿ ಮಾಡೂದಿಲ್ರಿ ಅತ್ತ್ಯಾರ," ಎಂದಳು ಕಾಂಚನ. "ವರ್ಷಾ ಏನು ಮಾಡ್ಯಾರೋ ಅದನ್ನ ಮಾಡ್ತಾರ."

ಆದರೆ ಏಟು ಬಂದದ್ದು ಬೇರೆ ಕಡೆಯಿಂದ. ಹಣಮಿಯ ತಂದೆ ಕಾಡಪ್ಪ ಅದೇ ಕಾರಖಾನೆಯಲ್ಲಿ ಮಗ್ಗ ನಡೆಸುತ್ತಿದ್ದ. ಕೆಲಸ ಹುಡುಕಿಕೊಂಡು ಗೋಕಾಕದ ಕಡೆಯಿಂದ ಬಂದವನು. ಮಗಳನ್ನು ಕರೆದೊಯ್ಯಲು ಒಂದು ಸಂಜೆ ಬಂದಾಗ ಅವನ ಕಣ್ಣಿಗೆ ಬಿದ್ದದ್ದು ಆ ಹಗ್ಗಗಳ ಮಗ್ಗ. ಬಾಗಿಲಲ್ಲೇ ನಿಂತು ನೋಡಿದ. ಅವನ ಮುಖ ಕೆಂಪಾಯಿತು.

"ಇದೇನ್ರಿ ಬಾಯಾರ? ನಾವು ಮಗ್ಗದಾಗ ಎದಿ ಒಡಕೊಳ್ಳಾಕತ್ತೇವಿ. ನನ್ನ ಮಗಳ ಕೈಯಾಗ ಪಾಟಿ-ಬಳಪಾ ಬರತೈತಿ ಅಂತ ಕಳಸೇನಿ. ನೀವು ಅಕೀಗೂ ಲಾಳೀನ ಕೊಟ್ರಿ?"

"ಅದನ್ನ ನಾ ಕೊಟ್ಟಿಲ್ಲ ಕಾಡಪ್ಪಾ. ಹುಡುಗ್ರು ತಾವ ಹುಟ್ಟಿಸ್ಯಾರ."

"ಹುಟ್ಟಸ್ತಾರ್ರಿ! ಹುಟ್ಟಿದಾಗಿಂದ ಅದನ್ನ ನೋಡ್ಯಾರ." ಅವನು ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಟ. ಮರುದಿನದಿಂದ ಹಣಮಿ ಬರಲಿಲ್ಲ.

ಆ ಮಾತು ಕಾಂಚನಳನ್ನು ಆಳವಾಗಿ ತಾಕಿತು. ಕಾಡಪ್ಪ ಸಿಟ್ಟಿನಲ್ಲಿ ಹೇಳಿದ್ದರೂ ಸುಳ್ಳು ಹೇಳಿರಲಿಲ್ಲ. ಈ ಮಕ್ಕಳು ಕಂಬದಿಂದ ಬಿಡಿಸಿಕೊಂಡು ಬಂದು ಮತ್ತೆ ಮಗ್ಗವನ್ನೇ ಆಡುತ್ತಿದ್ದಾರಲ್ಲ, ನಾನು ಮಾಡಿದ್ದೇನು ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಹಗ್ಗಗಳನ್ನು ಬಿಚ್ಚಿಡಬೇಕೆಂದು ಕೈ ಹಾಕಿದಳು. ಮಕ್ಕಳು ಓಡಿ ಬಂದು ತಮ್ಮ ತಮ್ಮ ಹಗ್ಗ ಹಿಡಿದು, ಅವಳು ಆಟಕ್ಕೆ ಬಂದಿದ್ದಾಳೆಂದುಕೊಂಡು ನಕ್ಕರು. ಅವಳು ಬಿಚ್ಚಲಿಲ್ಲ.

ಆ ವಾರದ ರಜೆಯ ದಿನ ಕಾಡಪ್ಪ ಮನೆಯಲ್ಲಿ ಅಡ್ಡಾಗಿದ್ದ. ಹೊರಗೆ ಮಗಳ ದನಿ ಕೇಳಿ ಬಾಗಿಲಿಗೆ ಬಂದ. ಓಣಿಯಲ್ಲಿ ರಾಯವ್ವ, ನೆರೆಯ ಹೆಂಗಸರು, ಒಬ್ಬ ಮುದುಕ, ಎಲ್ಲರೂ ಸಾಲಾಗಿ ಕುಳಿತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಹಗ್ಗದ ತುಂಡು. ಹಣಮಿ ತಾಯಿಯ ಹಳೆಯ ಸೀರೆಯನ್ನು ಮೈತುಂಬ ಸುತ್ತಿಕೊಂಡು, ಕಾಂಚನಾಬಾಯಿಯಂತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎದುರು ನಿಂತಿದ್ದಳು. ತಪ್ಪು ಮಾಡಿದ ಮುದುಕನ ಹತ್ತಿರ ಹೋಗಿ ಗಲ್ಲ ಹಿಡಿದು ಹೇಳಿದಳು, "ಅಳಬ್ಯಾಡ. ತಪ್ಪಾದ್ರ ಏನಾತು? ಮತ್ತ ಮಾಡೂನ. ನೀ ಕೆಂಪು. ಮರಾಠ್ಯಾಗ ಲಾಲ್."

ಕಾಡಪ್ಪ ಹೊಸ್ತಿಲ ಮೇಲೆ ಕುಳಿತುಬಿಟ್ಟ.

"ಹಣಮೀ, ನೀ ಮಗ್ಗಾ ನಡಸಾಕಿ ಏನವ್ವಾ?" ಎಂದು ಕೇಳಿದ.

ಅವಳು ಅಪ್ಪನ ಕಡೆ ಬೇಸರದಿಂದ ನೋಡಿದಳು. "ಮಗ್ಗಾ ಇವರಪಾ. ನಾ ಬಾಯಿ ಅದೇನಿ."

ತೋರಿಸುವ ದಿನ ಬಂತು. ಎಂಜಿನ್ ನಿಂತಿತು. ಹಗಲು ಹೊತ್ತಿನಲ್ಲಿ ಆ ಓಣಿಗೆ ಅಂಥ ಮೌನ ಹೊಸದು. ತಾಯಂದಿರು ನೂಲಿನ ಧೂಳನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ಬಂದು ಕುಳಿತರು. ಕಾಕಾಸಾಹೇಬರು ಬಿಳಿ ಧೋತರ, ಬಿಳಿ ಕೋಟು ತೊಟ್ಟು ಕುರ್ಚಿಯ ಮೇಲೆ ಕುಳಿತರು. ಮಕ್ಕಳು ತಂಬಿಗೆಯಿಂದ ಲೋಟಕ್ಕೆ ನೀರು ಹಾಕಿ ಎಲ್ಲರಿಗೂ ಕೊಟ್ಟರು. ಒಂದು ಹನಿ ಚೆಲ್ಲಿದಾಗ ಚೆಲ್ಲಿದ ಹುಡುಗನೇ ಬಟ್ಟೆ ತಂದು ಒರೆಸಿದ. ಒಬ್ಬ ಹುಡುಗಿ ನರಿಯ ಕಥೆಯನ್ನು ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ ಹೇಳಿ, ಕೊನೆ ಮರೆತಾಗ ಹೊಸ ಕೊನೆ ಕಟ್ಟಿದಳು. ತಾಯಂದಿರು ಬಾಯಿಗೆ ಸೆರಗು ಹಿಡಿದು ನಕ್ಕರು.

ಮಗ್ಗದ ಸರದಿ ಬಂದಾಗ ಮಕ್ಕಳೇ ಹಗ್ಗ ಹಿಡಿದು ನಿಂತರು. ಹಣಮಿ ಇಲ್ಲದೆ ಕೂಗುವವರಿಲ್ಲ. ಒಬ್ಬ ಹುಡುಗ ಧೈರ್ಯ ಮಾಡಿ ಕೂಗಿದ. ಕೆಂಪೂ ನಿಂತಿತು, ಬಿಳಿಯೂ ನಿಂತಿತು. ಲಾಳಿಯಾದ ಹುಡುಗ ಹಗ್ಗದಲ್ಲಿ ಸಿಕ್ಕಿ ಬಿದ್ದು ಅತ್ತ. ಇನ್ನೊಬ್ಬ ತಾಯಿಯ ಮಡಿಲಿಗೆ ಓಡಿದ. ಕಾಕಾಸಾಹೇಬರು ಗಡಿಯಾರ ತೆಗೆದು ನೋಡಿ ಕುರ್ಚಿಯಿಂದ ಎದ್ದರು.

ಆಗ ಬಾಗಿಲಲ್ಲಿ ಕಾಡಪ್ಪ ಕಾಣಿಸಿಕೊಂಡ. ಹೆಗಲ ಮೇಲೆ ಹಣಮಿ.

"ತಡಾ ಆತ್ರಿ ಬಾಯಾರ. ಸೀರಿ ಉಡಸ್ರಿ ಅಂತ ಹಟಾ ಹಿಡದಿದ್ಲು," ಎಂದು ಮಗಳನ್ನು ಕೆಳಗಿಳಿಸಿದ. ಆಮೇಲೆ ದನಿ ತಗ್ಗಿಸಿ, "ನನಗ ತಿಳೀಲಿಲ್ರಿ. ಅಕಿ ನೀವು ಆಗಾಕತ್ತಾಳ" ಎಂದ.

ಕಾಂಚನ ಬಾಗಿ ಹಣಮಿಯ ಸೆರಗನ್ನು ಸೊಂಟಕ್ಕೆ ಸರಿಯಾಗಿ ಸಿಕ್ಕಿಸಲು ಹೋದಳು. ಹಣಮಿಗೆ ಅದಕ್ಕೆಲ್ಲ ಹೊತ್ತಿರಲಿಲ್ಲ. ಅವಳು ಬಿದ್ದ ಹುಡುಗನನ್ನು ಎಬ್ಬಿಸಿ ಮೂಗು ಒರೆಸಿದಳು, ಸಿಕ್ಕು ಬಿಡಿಸಿದಳು, ಎಲ್ಲರನ್ನೂ ಅವರವರ ಜಾಗದಲ್ಲಿ ನಿಲ್ಲಿಸಿದಳು. ಬಿಳಿ ಚಿಂದಿಯವರ ಒಂದು ಹಗ್ಗ ನೆಲದ ಮೇಲೆ ಬಿದ್ದೇ ಇತ್ತು. ತಾಯಿಯ ಮಡಿಲು ಸೇರಿದ ಹುಡುಗ ಬರಲೊಲ್ಲ. ಹಣಮಿ ಕುಳಿತ ಜನರನ್ನೆಲ್ಲ ಒಮ್ಮೆ ನೋಡಿ, ಎದ್ದು ನಿಂತಿದ್ದ ಕಾಕಾಸಾಹೇಬರ ಕೈ ಹಿಡಿದಳು.

"ಕಾಕಾ, ಬರ್ರಿ. ನೀವು ಬಿಳಿ."

ಕಾಡಪ್ಪ ಮಗಳನ್ನು ಹಿಂದಕ್ಕೆಳೆಯಲು ಹೆಜ್ಜೆ ಮುಂದಿಟ್ಟ. ಕಾಕಾಸಾಹೇಬರು ತಮ್ಮ ಕೋಟನ್ನು ನೋಡಿಕೊಂಡರು, ಹಗ್ಗವನ್ನು ನೋಡಿದರು. ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಮಕ್ಕಳ ಸಾಲಿನಲ್ಲಿ ಹೋಗಿ ಹಗ್ಗ ಹಿಡಿದರು.

"ಕೆಂಪು ನಿಂದರ್ರಿ! ಬಿಳಿ ಕುಂದರ್ರಿ!"

ಕಾಕಾಸಾಹೇಬರು ಕುಳಿತರು. ಲಾಳಿ ತೆವಳಿತು, ಹಲಗೆ ಒತ್ತಿತು. "ಬಿಳಿ ನಿಂದರ್ರಿ!" ಅವರ ಮೊಣಕಾಲು ತಡಮಾಡಿತು. ಹಣಮಿ ಸೊಂಟಕ್ಕೆ ಕೈ ಇಟ್ಟು ಹತ್ತಿರ ಬಂದಳು. "ನಿಂದರ್ರಿ ಅಂದೇನಿ, ಕೇಳಸ್ಲಿಲ್ಲೇನ್ರಿ? ಹೋಗ್ಲಿ, ಮತ್ತ ಮಾಡೂನ."

ಮೊದಲು ನಕ್ಕವರು ಕಾಕಾಸಾಹೇಬರೇ. ಆಮೇಲೆ ಇಡೀ ಗೋದಾಮು ನಕ್ಕಿತು. ಕೆಲಸಗಾರರು ಬಾಗಿಲಲ್ಲಿ ಒತ್ತಿ ನಿಂತು "ಖಟ್, ಖಟ್" ಎಂದು ಮಗ್ಗದ ಸದ್ದು ಕೊಟ್ಟರು. ರಾಯವ್ವ ಕುಳಿತಲ್ಲೇ ಚಪ್ಪಾಳೆ ತಟ್ಟಿದಳು. ಕೆಂಪು ಎದ್ದಿತು, ಬಿಳಿ ಕುಳಿತಿತು, ಪಟ್ಟಿಗಳು ಒಂದಕ್ಕೊಂದು ಅಂಟಿ ಬೆಳೆದವು. ಮಕ್ಕಳ ಮುಖಗಳು ಬೆವರಿನಿಂದ ಹೊಳೆಯುತ್ತಿದ್ದವು. ಒಂದು ತಾಸು ಎಂದದ್ದು ಎಲ್ಲಿಗೋ ಹೋಯಿತು. ಎಂಜಿನ್ ನೆನಪಾದವರು ಯಾರೂ ಇರಲಿಲ್ಲ.

ಕೊನೆಗೆ ಏದುಸಿರು ಬಿಡುತ್ತ ಕುರ್ಚಿಗೆ ಮರಳಿದ ಕಾಕಾಸಾಹೇಬರು ಕಾಂಚನಳನ್ನು ಕರೆದರು. "ವೈನಿ, ನನ್ನ ಕಾರಖಾನ್ಯಾಗ ದೊಡ್ಡವರು ಇಷ್ಟು ಹೊಂದಿಕೊಂಡು ಕೆಲಸಾ ಮಾಡಿದ್ದು ನಾ ನೋಡಿಲ್ಲ. ಹೊಸಾ ಮಗ್ಗಾ ಮುಂದಿನ ಅಂಗಳದಾಗ ತಗಡಾ ಹೊದಿಸಿ ಹಾಕೂನು. ಗೋದಾಮ ನಿಮ್ದು."

"ಮಾತು ಕೊಟ್ರ್ಯಾ?" ಎಂದು ಹಿಂದಿನಿಂದ ಸೋನಾಬಾಯಿ ಕೇಳಿದಳು.

"ಕೊಟ್ಟೆ ಆಯಿಸಾಹೇಬ," ಎಂದು ಅವರು ಕೈಮುಗಿದರು.

ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಕಾಂಚನಳ ಸುತ್ತ ನೆರೆದರು. ಯಾರೋ ಅವಳ ಹಣೆಗೆ ಅರಿಶಿನ-ಕುಂಕುಮ ಹಚ್ಚಿದರು. ಧರಣೇಂದ್ರ ದೂರದಲ್ಲಿ ನಿಂತು ಹೆಂಡತಿಯನ್ನೇ ನೋಡುತ್ತಿದ್ದ. ಅವಳು ಅಳುತ್ತ ನಗುತ್ತಿದ್ದಳು.

ಜೂನ್‌ನಲ್ಲಿ ಹಣಮಿಯನ್ನು ಕಾಡಪ್ಪ ಮರಾಠಿ ಶಾಲೆಗೆ ಸೇರಿಸಲು ಕರೆದೊಯ್ದ. ಕನ್ನಡದ ಮಕ್ಕಳು ಮೊದಲ ದಿನ ಬಾಯಿ ಬಿಡುವುದಿಲ್ಲವೆಂದು ಗೊತ್ತಿದ್ದ ಮಾಸ್ತರರು ತಂದೆಯನ್ನೇ ಹೆಸರು ಕೇಳಿದರು. ಹಣಮಿ ಮುಂದೆ ಬಂದು ಮರಾಠಿಯಲ್ಲಿ ತನ್ನ ಹೆಸರು ಹೇಳಿದಳು. ಆಮೇಲೆ, "ತುಮ್ಚ ನಾವ ಕಾಯ್?" ಎಂದು ಮಾಸ್ತರರ ಹೆಸರನ್ನೂ ಕೇಳಿದಳು. ಮಾಸ್ತರರು ಪೆನ್ನು ಕೆಳಗಿಟ್ಟು, ನೆಟ್ಟಗೆ ಕುಳಿತು, ತಮ್ಮ ಹೆಸರು ಹೇಳಿದರು.