ಬೆರಳಿಟ್ಟು ನೋಡಿದ ಮಳೆ

ಸಹನಾ, ಬಸು, ನಮ್ಮ ಹೊರಗಿನ ಕೋಣೆಯಲ್ಲಿ ಬಾಡಿಗೆಗಿದ್ದ ಹವಾಮಾನ ಕಚೇರಿಯ ಅಕ್ಕೋರ ಬಗ್ಗೆ ನಿಮಗಾಗಿ ಬರೆಯುತ್ತಿದ್ದೇನೆ. ಅವರು ಕಂಪ್ಯೂಟರಿನಲ್ಲಿ ಮಳೆ ಬರುವ ಕಡೆಗೆಲ್ಲ ನೀಲಿ ಬಣ್ಣ ಮೂಡಿಸಿ, ಅದರಡಿಗೆ ಇಂಟರ್‌ನೆಟ್ಟಿನ ನಕ್ಷೆ ಸೇವೆಯಿಂದ ಊರು, ಹೊಳೆಗಳನ್ನು ತಂದು ಕೂಡಿಸಿ, ಒಂದೇ ಚಿತ್ರ ಮಾಡಿ ರೈತರ ಫೋನಿಗೆ ಕಳಿಸುತ್ತಿದ್ದರು. ಮೊದಲು ನನ್ನ ಫೋನಿಗೆ ಹಾಕಿ, "ಬೆರಳಿಟ್ಟು ತೋರಿಸ್ರಿ ಆಯಿ, ನಿಮ್ಮೂರು ಎಲ್ಲದ?" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಊರಿನವರ ತೊಗರಿಯೆಲ್ಲ ಕಣದಲ್ಲಿ ಬಯಲಿಗೇ ಬಿದ್ದಿತ್ತು. ಸಂಜೆ ಬರಲಿದ್ದ ಮಳೆಯ ಚಿತ್ರ ನನ್ನ ಫೋನಿಗೆ ಬಂತು. ಅಕ್ಷರಗಳು ಇರುವೆಯಂತಿದ್ದವು. ಓದಲಾಗದು ಎಂದು ಹೇಳಲು ನಾಚಿ, "ಛಲೋ ಅದರಿ" ಎಂದೆ.

"ಬೆರಳಿಡ್ರಿ."

ಊಹಿಸಿ ಇಟ್ಟೆ. ಅದು ಬಿದ್ದದ್ದು ಹೊಳೆಯಾಚೆ, ಜೇವರ್ಗಿ ಕಡೆಯ ಬಿಳಿ ಜಾಗದಲ್ಲಿ.

"ಅಲ್ಲಿ ಮಳಿ ಇಲ್ಲ ಆಯಿ, ನಿಮ್ಮ ತಲಿ ಮ್ಯಾಲ ಅದ!"

"ನನ್ನ ಕಣ್ಣು ಮಂದ್ರಿ, ತಪ್ಪಾತು."

"ತಪ್ಪು ನಿಮ್ಮ ಕಣ್ಣಿಂದಲ್ಲ, ನನ್ನ ಚಿತ್ರದ್ದು."

ಅಷ್ಟರಲ್ಲಿ ಕಚೇರಿಯಿಂದ ಫೋನು, ಇನ್ನೂ ಯಾಕೆ ಕಳಿಸಿಲ್ಲ ಎಂದು. "ಊರು ಕಾಣದ ಚಿತ್ರ ಕಳಿಸಂಗಿಲ್ರಿ ಸರ್" ಎಂದು ಅಕ್ಕೋರು ಫೋನು ಇಟ್ಟುಬಿಟ್ಟರು. ಅಫಜಲಪುರ ತಾಲೂಕನ್ನಷ್ಟೇ ದೊಡ್ಡದು ಮಾಡಿದರು, ಅಕ್ಷರ ಹಿಗ್ಗಿಸಿದರು. ನೆಟ್ಟು ಎಳೆದಾಡಿ ಎರಡನೆಯ ಚಿತ್ರ ಅರ್ಧಂಬರ್ಧ ಬಂತು. ನಕ್ಷೆ ಪೂರಾ ಮೂಡುವ ತನಕ ಕಾದು ಮತ್ತೆ ಚಿತ್ರ ತೆಗೆದರು. ಮೂರನೆಯದರಲ್ಲಿ ನನ್ನ ಬೆರಳು ಘತ್ತರಗಿಯ ಪಕ್ಕ, ನಮ್ಮೂರಿನ ಮೇಲೆಯೇ ನಿಂತಿತು. ಸುತ್ತ ಕಡುನೀಲಿ. ಆಗಲೇ ಎಲ್ಲರಿಗೂ ಕಳಿಸಿದರು.

ಹನಿ ಬೀಳುವಷ್ಟರಲ್ಲಿ ತೊಗರಿಯೆಲ್ಲ ತಾಡಪತ್ರಿಯ ಕೆಳಗಿತ್ತು. ನಮ್ಮ ಕಣದ ತಾಡಪತ್ರಿಯ ಒಂದು ತುದಿಯನ್ನು ಅಕ್ಕೋರೇ ಹಿಡಿದಿದ್ದರು.

ಆ ಫೋನು ಕೆಟ್ಟಾಗ ಚಿತ್ರವೂ ಅದರ ಜೊತೆ ಹೋಯಿತು. ಉಳಿದಿರುವುದು ಈ ಹಾಳೆಗಳು ಮಾತ್ರ, ಕಳೆಯಬೇಡಿರಿ, ಮಕ್ಕಳೇ.